ಬರಿದಾದ ಕಣಜಕ್ಕೆ ಬಂದ ಬಡಗಿಗಳು

ಇಂಗ್ಲಿಷಿನ ‘ಬಾರ್ನ್’ ಎಂಬ ಮಾತಿಗೆ ಕನ್ನಡದಲ್ಲಿ ಸಮನಾದ ಶಬ್ದವನ್ನು ಹುಡುಕಹೊರಟವನಿಗೆ ಒಂದು ಸಣ್ಣ ಪೇಚು ಕಾದಿರುತ್ತದೆ. ಕಣಜ ಎನ್ನೋಣವೆಂದರೆ, ಕಣಜ ಕಾಳು ತುಂಬುವ ಜಾಗ. ಕೊಟ್ಟಿಗೆ ಎನ್ನೋಣವೆಂದರೆ, ಅದು ದನ ಕಟ್ಟುವ ಜಾಗ. ತೆನೆ ಬಡಿದು ಕಾಳು ಬಿಡಿಸುವ ಕಣವಂತೂ ನಮ್ಮಲ್ಲಿ ಮನೆಯೊಳಗಿನ ಮಾತೇ ಅಲ್ಲ. ಬಯಲಲ್ಲಿ ಸಗಣಿ ಸಾರಿಸಿ, ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸುತ್ತಿಸುವ ಬಟ್ಟಬಯಲಿನ ಅಂಗಳ ಅದು. ಸುಗ್ಗಿಯ ಹೊತ್ತಿಗೆ ನಮ್ಮ ಆಕಾಶ ತಿಳಿಯಾಗಿರುವುದರಿಂದ ಈ ಸ್ವಾತಂತ್ರ್ಯ ನಮಗೆ ಉಂಟು. ಇಂಗ್ಲೆಂಡಿನ ಒಕ್ಕಲಿಗನಿಗೆ ಅದಿಲ್ಲ. ಅವನ ಕೊಯಿಲಿನ ಬೆನ್ನಿಗೇ ಮಳೆ, ಮಂಜು, ಚಳಿ. ಆದ್ದರಿಂದ ಅವನು ಕಣವನ್ನೂ ಕಣಜವನ್ನೂ ಒಂದೇ ಮಾಡಿನ ಕೆಳಗೆ ತಂದುಕೊಂಡ. ಎದುರುಬದುರಾಗಿ ಎರಡು ಎತ್ತರದ ಬಾಗಿಲು, ನಡುವೆ ಬಡಿಯುವ ನೆಲ, ಇಕ್ಕೆಲಗಳಲ್ಲಿ ತೆನೆಯ ಮೆದೆ. ಎರಡೂ ಬಾಗಿಲು ತೆರೆದರೆ ಗಾಳಿ ಹಾದುಹೋಗಿ ಹೊಟ್ಟು ಹಾರುತ್ತಿತ್ತು. ಶಬ್ದದ ಮೂಲವನ್ನು ಕೆದಕಿದರೆ ಹಳೆಯ ಇಂಗ್ಲಿಷಿನಲ್ಲಿ ‘ಬಾರ್ಲಿಯ ಮನೆ’ ಎಂಬ ಅರ್ಥ ಹೊರಡುತ್ತದೆ. ಬೇರೆ ದಾರಿ ಕಾಣದೆ ನಾನು ಇಲ್ಲಿ ಅದನ್ನು ಕಣಜವೆಂದೇ ಕರೆಯುತ್ತೇನೆ. ಓದುಗರು ಈ ವಿಸ್ತಾರವಾದ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು.

ಇಂಥ ಕಣಜಗಳು ಇಂದು ಪಾಶ್ಚಾತ್ಯ ದೇಶಗಳಲ್ಲಿ ಚಿತ್ರಕಾರರ, ಕುಂಬಾರರ, ನೇಕಾರರ ಕೆಲಸದ ಮನೆಗಳಾಗಿವೆ. ಸ್ಥಿತಿವಂತರಂತೂ ಅವನ್ನು ಕೊಂಡು ವಾಸದ ಮನೆ ಮಾಡಿಕೊಳ್ಳುವುದು ಒಂದು ಷೋಕಿಯೇ ಆಗಿಬಿಟ್ಟಿದೆ. ಈ ಪದ್ಧತಿಗೆ ಒಂದು ಇತಿಹಾಸವಿದೆ. ಆ ಇತಿಹಾಸದ ಒಂದು ತುದಿ ನಮ್ಮ ಕಡೆಗೂ ಚಾಚಿಕೊಂಡಿದೆ. ನಾನು ಆ ನಾಡನ್ನು ಕಣ್ಣಾರೆ ಕಂಡವನಲ್ಲ. ತರಗತಿಯಲ್ಲಿ ಕಾವ್ಯಮೀಮಾಂಸೆ ಪಾಠ ಮಾಡುವ ನನಗೆ ಆನಂದ ಕುಮಾರಸ್ವಾಮಿಯವರ ಗ್ರಂಥಗಳ ಬಳಕೆ ಅನಿವಾರ್ಯ. ಅವರ ಬೆನ್ನು ಹತ್ತಿ ಹೋದವನು ಇಂಗ್ಲೆಂಡಿನ ಈ ಹಳ್ಳಿಗಾಡಿಗೆ ತಲುಪಿದೆ.

ಮೊದಲು ಕಣಜಗಳು ಬರಿದಾದದ್ದು ಹೇಗೆಂದು ನೋಡಬೇಕು. ಬಡಿಗೋಲಿನಿಂದ ತೆನೆ ಬಡಿಯುವುದು ಇಂಗ್ಲೆಂಡಿನ ಕೂಲಿಕಾರನಿಗೆ ಚಳಿಗಾಲದ ಅನ್ನವಾಗಿತ್ತು. ಹೊಲದಲ್ಲಿ ಕೆಲಸವಿಲ್ಲದ ತಿಂಗಳುಗಳಲ್ಲಿ ಅವನ ಒಲೆ ಉರಿಯುತ್ತಿದ್ದದ್ದು ಇದರಿಂದ. 1786ರಲ್ಲಿ ಸ್ಕಾಟ್ಲೆಂಡಿನ ಆಂಡ್ರೂ ಮೀಕಲ್ ಎಂಬ ಯಂತ್ರಕುಶಲನು ಒಕ್ಕಣೆಯ ಯಂತ್ರವನ್ನು ಸಿದ್ಧಪಡಿಸಿದ. ಅದು ಹಳ್ಳಿಹಳ್ಳಿಗೂ ಕಾಲಿಟ್ಟಂತೆ ಕೂಲಿಕಾರರ ಕೈ ಖಾಲಿಯಾಯಿತು. 1830ರಲ್ಲಿ ದಕ್ಷಿಣ ಇಂಗ್ಲೆಂಡಿನ ಕೂಲಿಕಾರರು ದಂಗೆಯೆದ್ದು ಯಂತ್ರಗಳನ್ನು ಒಡೆದರು, ಮೆದೆಗಳಿಗೆ ಬೆಂಕಿಯಿಟ್ಟರು. ‘ಕ್ಯಾಪ್ಟನ್ ಸ್ವಿಂಗ್’ ಎಂಬ ಇಲ್ಲದ ನಾಯಕನ ಹೆಸರಿನಲ್ಲಿ ಜಮೀನ್ದಾರರಿಗೆ ಬೆದರಿಕೆಯ ಓಲೆಗಳು ಹೋದವು. ಸರ್ಕಾರದ ಉತ್ತರ ಕಠೋರವಾಗಿತ್ತು: 19 ಮಂದಿಗೆ ಗಲ್ಲು, 400ಕ್ಕೂ ಹೆಚ್ಚು ಮಂದಿಗೆ ಆಸ್ಟ್ರೇಲಿಯದ ಕಡೆಗೆ ಗಡೀಪಾರು. ಯಂತ್ರ ಮಾತ್ರ ಉಳಿಯಿತು. ಆಮೇಲೆ 1870ರ ದಶಕದಿಂದ ಅಮೆರಿಕದ ಗೋಧಿ ಹಡಗು ಹಡಗಾಗಿ ಬಂದಿಳಿಯತೊಡಗಿದಾಗ ಬಡಿಯುವುದಿರಲಿ, ತುಂಬುವುದಕ್ಕೂ ಕಾಳಿಲ್ಲದಂತಾಯಿತು. ಜನ ಪಟ್ಟಣಕ್ಕೆ ಗುಳೆ ಹೋದರು. ಕಲ್ಲಿನ ಗೋಡೆ, ಓಕ್ ಮರದ ತೊಲೆಗಳ ಆ ದೊಡ್ಡ ಕಟ್ಟಡಗಳು ಬಾವಲಿಗಳ ಪಾಲಾದವು.

ಇವುಗಳಲ್ಲಿ ಹಿರಿಯದು ಎನ್ನಬಹುದಾದ ಒಂದು ಗ್ರೇಟ್ ಕಾಕ್ಸ್‌ವೆಲ್ ಎಂಬ ಊರಿನಲ್ಲಿದೆ. ಬ್ಯೂಲಿ ಮಠದ ಸಿಸ್ಟರ್ಸಿಯನ್ ಸನ್ಯಾಸಿಗಳು 13ನೆಯ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ಉದ್ದ ಸುಮಾರು 150 ಅಡಿ. ಒಳಗೆ ಎರಡು ಸಾಲು ಓಕ್ ಕಂಬಗಳು; ಒಂದೊಂದು ಕಂಬವೂ ಆಳೆತ್ತರದ ಕಲ್ಲಿನ ಪೀಠದ ಮೇಲೆ ನಿಂತಿದೆ, ನೆಲದ ತೇವ ಮರಕ್ಕೆ ಏರದಿರಲೆಂದು. ನಮ್ಮ ತೊಟ್ಟಿಮನೆಗಳ ಕಂಬದಡಿಯ ಕಲ್ಲನ್ನು ನೋಡಿದವರಿಗೆ ಈ ಜಾಣತನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಸಮೀಪದ ಕೆಲ್ಮ್‌ಸ್ಕಾಟಿನಲ್ಲಿ 1871ರಿಂದ ಮನೆ ಹಿಡಿದಿದ್ದ ವಿಲಿಯಂ ಮಾರಿಸ್, ಮನೆಗೆ ಬಂದ ನೆಂಟರನ್ನು ಈ ಕಣಜಕ್ಕೆ ಕರೆದೊಯ್ದು ತೋರಿಸುತ್ತಿದ್ದನಂತೆ. ಇದು ಮಹಾದೇವಾಲಯಗಳಿಗೇನೂ ಕಡಮೆಯಲ್ಲವೆಂಬುದು ಅವನ ಮತ. ಕವಿಯೂ ನೇಕಾರನೂ ಮುದ್ರಕನೂ ಸಮಾಜವಾದಿಯೂ ಆಗಿದ್ದ ಈ ಮನುಷ್ಯ ಒಕ್ಕಲಿಗನ ಕಣಜವನ್ನು ದೇವಾಲಯದ ಪಂಕ್ತಿಯಲ್ಲಿ ಕೂರಿಸಿದ್ದು ಸಣ್ಣ ಸಂಗತಿಯಲ್ಲ. ಅದುವರೆಗೆ ವಾಸ್ತುಶಿಲ್ಪವೆಂದರೆ ಅರಮನೆ, ಇಗರ್ಜಿ, ಪುರಭವನ, ಇಷ್ಟೇ.

1877ರಲ್ಲಿ ಮಾರಿಸ್ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘವನ್ನು ಹುಟ್ಟುಹಾಕಿದ. ಅವನ ಕಾಲದಲ್ಲಿ ‘ಜೀರ್ಣೋದ್ಧಾರ’ ಎಂಬ ಹೆಸರಿನಲ್ಲಿ ಹಳೆಯ ಗಾರೆಯನ್ನು ಕೆರೆದು, ಸವೆದ ಕಲ್ಲನ್ನು ಕಿತ್ತು, ಮೂಲದಲ್ಲಿ ಹೀಗಿತ್ತೆಂದು ಊಹಿಸಿ ಹೊಸದನ್ನು ಕೂರಿಸುತ್ತಿದ್ದರು. ಟ್ಯೂಕ್ಸ್‌ಬರಿಯ ಹಳೆಯ ಇಗರ್ಜಿಗೆ ಇದೇ ಗತಿ ಬರುತ್ತದೆಂದು ತಿಳಿದಾಗ ಅವನು ಪತ್ರಿಕೆಗೆ ಬರೆದ ಪತ್ರವೇ ಸಂಘದ ನಾಂದಿ. ಕೆರೆಯುವುದನ್ನು ವಿರೋಧಿಸುವವರಾದ್ದರಿಂದ ‘ಆ್ಯಂಟಿ-ಸ್ಕ್ರೇಪ್’ ಎಂದು ಅಡ್ಡಹೆಸರು. ಅವರ ಸೂತ್ರ ಸರಳ: ಸೋರುವುದನ್ನು ನಿಲ್ಲಿಸು, ಬೀಳುವುದಕ್ಕೆ ಆಸರೆ ಕೊಡು, ಹೊಸದಾಗಿ ಹಾಕಿದ್ದು ಹೊಸದೆಂದೇ ಕಾಣಲಿ, ಅದರಾಚೆಗೆ ಕೈ ಹಾಕಬೇಡ. ನಮ್ಮ ಗುಡಿಗಳ ಕೆತ್ತನೆಯ ಕಂಬಗಳಿಗೆ ಎಣ್ಣೆ ಬಣ್ಣ ಬಳಿದು, ಶತಮಾನಗಳ ಕಾಲ ಪಾದಗಳು ಸವೆಸಿದ ಚಪ್ಪಡಿಯ ಮೇಲೆ ನುಣುಪು ಹಾಸುಬಿಲ್ಲೆ ಕೂರಿಸುವ ಭಕ್ತಾದಿಗಳಿಗೆ ಈ ಸೂತ್ರವನ್ನು ಯಾರಾದರೂ ದೊಡ್ಡ ಅಕ್ಷರದಲ್ಲಿ ಬರೆದು ತೂಗುಹಾಕಿದರೆ ಚೆನ್ನಾಗಿತ್ತು. ಇರಲಿ.

ಈಗ ಕಥಾನಾಯಕರ ಕಡೆಗೆ ಬರೋಣ. 1884ರಲ್ಲಿ ಮಾರಿಸ್ ಲೆಸ್ಟರ್ ನಗರದ ಸೆಕ್ಯುಲರ್ ಸೊಸೈಟಿಯಲ್ಲಿ ಕಲೆ ಮತ್ತು ಸಮಾಜವಾದವನ್ನು ಕುರಿತು ಉಪನ್ಯಾಸ ಮಾಡಿದ. ಕೇಳಿದವರಲ್ಲಿ ಅರ್ನೆಸ್ಟ್ ಗಿಮ್ಸನ್ ಎಂಬ 19 ವರ್ಷದ ಹುಡುಗನಿದ್ದ. ಆ ಹುಡುಗನ ತಂದೆ ಎರಕದ ಕಾರ್ಖಾನೆಯ ಒಡೆಯ. ಉಗಿಯಂತ್ರಗಳನ್ನು ಮಾಡುವ ಮನೆತನ. ಲೆಸ್ಟರಿನ ಒಂದು ಪಂಪುಮನೆಗೆ ಅವರ ಕಾರ್ಖಾನೆ 1891ರಲ್ಲಿ ಮಾಡಿಕೊಟ್ಟ ಭಾರಿ ಯಂತ್ರಗಳನ್ನು ಈಗಲೂ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಮಗ ಮಾತ್ರ ಮಾರಿಸನ ಪರಿಚಯಪತ್ರ ಹಿಡಿದು ಲಂಡನ್ನಿಗೆ ಹೋಗಿ ವಾಸ್ತುಶಿಲ್ಪ ಕಲಿತ. ಅಲ್ಲಿ ಬರ್ಮಿಂಗ್‌ಹ್ಯಾಮಿನಿಂದ ಬಂದಿದ್ದ ಬಾರ್ನ್ಸ್‌ಲಿ ಸೋದರರ ಸ್ನೇಹವಾಯಿತು. ಅಣ್ಣ ಅರ್ನೆಸ್ಟ್, ತಮ್ಮ ಸಿಡ್ನಿ. ಕಣಜದಲ್ಲಿ ಕೀರ್ತಿ ಪಡೆಯಬೇಕಾದವರಿಗೆ ಈ ಮನೆತನದ ಹೆಸರು ಬಂದದ್ದು ಕಾಕತಾಳೀಯವೇ ಹೊರತು ಬೇರೇನಲ್ಲ.

ಓದಿನಿಂದ ಬಂದ ವಿದ್ಯೆ ಗಿಮ್ಸನ್ನನಿಗೆ ಸಾಲದಾಯಿತು. ಅವನು ಹೆರೆಫರ್ಡ್ ಸೀಮೆಯ ಬಾಸ್‌ಬರಿ ಎಂಬ ಹಳ್ಳಿಗೆ ಹೋಗಿ ಫಿಲಿಪ್ ಕ್ಲಿಸೆಟ್ ಎಂಬ ವೃದ್ಧ ಕುರ್ಚಿಗಾರನ ಬಳಿ ಕೂತು ಚರಕಿ ಹಿಡಿದು ಕುರ್ಚಿ ಮಾಡುವುದನ್ನು ಕಲಿತ. 1890ರಲ್ಲಿ ಗೆಳೆಯರೆಲ್ಲ ತಲೆಗೆ 100 ಪೌಂಡು ಹಾಕಿ ಕೆಂಟನ್ ಅಂಡ್ ಕಂಪನಿ ಎಂಬ ಪೀಠೋಪಕರಣದ ಮಳಿಗೆ ತೆರೆದರು. 1892ರಲ್ಲಿ ಅದು ಮುಚ್ಚಿತು. ಬುದ್ಧಿವಂತರು ಇಷ್ಟಕ್ಕೇ ನಿಲ್ಲಿಸುತ್ತಿದ್ದರು. ಇವರು ಮರುವರ್ಷ ಲಂಡನ್ನನ್ನೇ ಬಿಟ್ಟು ಗ್ಲಾಸ್ಟರ್ ಸೀಮೆಯ ಕಾಟ್ಸ್‌ವೋಲ್ಡ್ ಗುಡ್ಡಗಳಿಗೆ ಹೊರಟರು. 1894ರಲ್ಲಿ ಸ್ಯಾಪರ್ಟನ್ ಹಳ್ಳಿಯ ಹತ್ತಿರ ಪಿನ್‌ಬರಿ ಎಂಬ ಹಳೆಯ ಮನೆ ಅವರಿಗೆ ಗುತ್ತಿಗೆಗೆ ಸಿಕ್ಕಿತು. ಸಂಸಾರವಂದಿಗನಾದ ಅಣ್ಣ ದೊಡ್ಡ ಮನೆಯನ್ನು ದುರಸ್ತಿ ಮಾಡಿಕೊಂಡ. ಬ್ರಹ್ಮಚಾರಿಗಳಾದ ಗಿಮ್ಸನ್ ಮತ್ತು ಸಿಡ್ನಿ ಪಕ್ಕದ ಬೇಸಾಯದ ಕಟ್ಟಡಗಳನ್ನು ವಾಸಕ್ಕೆ ಒಗ್ಗಿಸಿಕೊಂಡರು. ಕುದುರೆಲಾಯವೇ ಕೆಲಸದ ಮನೆಯಾಯಿತು.

ದುರಸ್ತಿಯೇ ಇವರಿಗೆ ಪಾಠಶಾಲೆಯಾದದ್ದು ನನಗೆ ಬಹಳ ಮುಖ್ಯವೆಂದು ತೋರುತ್ತದೆ. ಸಿಡ್ನಿ ಬಾರ್ನ್ಸ್‌ಲಿಯನ್ನೇ ನೋಡಿ. ಅವನು ಗ್ರೀಸ್ ದೇಶವನ್ನು ಸುತ್ತಿ ಬೈಜಾಂಟೈನ್ ಇಗರ್ಜಿಗಳನ್ನು ಅಳೆದು ಚಿತ್ರಿಸಿ, ಗೆಳೆಯನೊಡನೆ ಒಂದು ದೊಡ್ಡ ಗ್ರಂಥವನ್ನೇ ಹೊರತಂದ ವಿದ್ವಾಂಸ. ಅಂಥವನು ಒಂದು ಮೇಜು ಮಾಡಬೇಕೆಂದಾಗ ಆಕಾರಕ್ಕಾಗಿ ಹಗೇದಿಬ್ಬಗಳನ್ನಾಗಲಿ ಗ್ರೀಸಿನ ಮಾದರಿಗಳನ್ನಾಗಲಿ ತಡಕಲಿಲ್ಲ. ಹುಲ್ಲು ಎಳೆಯುವ ಮರದ ಕುಂಟೆಯನ್ನು ನೋಡಿದ. ಆ ಕುಂಟೆಯ ಉದ್ದನೆಯ ಹಿಡಿ, ಹಲ್ಲುಗಳ ಪಟ್ಟಿಯನ್ನು ಸೇರುವ ಕಡೆ ಎರಡಾಗಿ ಕವಲೊಡೆಯುತ್ತದೆ. ಒಂದೇ ಕಡೆ ಸೇರಿದ್ದರೆ ಎಳೆಯುವಾಗ ಪಟ್ಟಿ ತಿರುಚಿ ಮುರಿದೀತು. ಸಿಡ್ನಿ ಇದೇ ಕವಲನ್ನು ಮೇಜಿನ ಕಾಲುಗಳ ನಡುವಣ ಅಡ್ಡಪಟ್ಟಿಗೆ ತಂದ. ನಡುವೆ ಒಂದು ದಪ್ಪ ಪಟ್ಟಿ, ಎರಡು ತುದಿಯಲ್ಲೂ ಕವಲಾಗಿ ಕಾಲುಗಳನ್ನು ಹಿಡಿಯುತ್ತದೆ. ಊಟಕ್ಕೆ ಕೂತವರ ಕಾಲಿಗೆ ತೊಡಕಿಲ್ಲ, ಮೇಜು ಅಲುಗುವುದಿಲ್ಲ, ನೋಟಕ್ಕೂ ಚೆಲುವು. ಇಂದಿಗೂ ಮರಗೆಲಸದವರು ಅದನ್ನು ‘ಹೇ-ರೇಕ್’ ಮೇಜು, ಎಂದರೆ ಹುಲ್ಲುಕುಂಟೆಯ ಮೇಜು, ಎಂದೇ ಕರೆಯುತ್ತಾರೆ.

ಗಾಡಿಯಿಂದ ಕಲಿತದ್ದು ಇನ್ನೂ ಸೂಕ್ಷ್ಮ. ಹಳ್ಳಿಯ ಗಾಡಿಮಾಡುವ ಬಡಗಿ ಚೌಕಟ್ಟಿನ ಮರವನ್ನು ಎಲ್ಲ ಕಡೆ ಒಂದೇ ದಪ್ಪ ಇಡುವುದಿಲ್ಲ. ಕೀಲು ಕೂಡುವ ಕಡೆ ಪೂರ್ತಿ ದಪ್ಪ ಬಿಟ್ಟು, ನಡುವಿನ ಭಾಗದ ಅಂಚುಗಳನ್ನು ಓರೆಯಾಗಿ ಹೆರೆದು ತೆಗೆಯುತ್ತಾನೆ. ಕುದುರೆ ಎಳೆಯುವ ಭಾರ ಕಡಮೆಯಾಗಬೇಕು, ಬಲ ಕುಗ್ಗಬಾರದು. ಇದು ಅಲಂಕಾರಕ್ಕೆಂದು ಹುಟ್ಟಿದ್ದಲ್ಲ. ಆದರೆ ಆ ಹೆರೆತ ಸಾಲಾಗಿ ಬಂದಾಗ ಬೆಳಕು ನೆರಳು ಅದರ ಮೇಲೆ ಆಡುವ ರೀತಿಯೇ ಬೇರೆ. ಗಿಮ್ಸನ್ ಮತ್ತು ಬಾರ್ನ್ಸ್‌ಲಿಗಳು ಅದನ್ನು ಬೀರು, ಮಂಚ, ಪೆಟ್ಟಿಗೆಗಳ ಅಂಚಿಗೆ ತಂದರು. ಕೀಲುಗಳನ್ನು ಮುಚ್ಚಿಡಲಿಲ್ಲ, ಒಂದು ಹಲಗೆ ಇನ್ನೊಂದನ್ನು ಹೇಗೆ ಕಚ್ಚಿ ಹಿಡಿದಿದೆಯೆಂಬುದು ಹೊರಗೆ ಕಾಣುವಂತೆ ಬಿಟ್ಟರು. ನಮ್ಮ ಆಲಂಕಾರಿಕರು ಅಲಂಕಾರವೆಂಬುದು ಹೊರಗಿನಿಂದ ಹೇರಿದ ಒಡವೆಯೋ ಕಾವ್ಯಶರೀರಕ್ಕೇ ಸೇರಿದ ಗುಣವೋ ಎಂದು ಶತಮಾನಗಳ ಕಾಲ ಚರ್ಚಿಸಿದರಷ್ಟೆ. ಆ ಪಾಠ ಮಾಡುವಾಗ ನಾನು ಈಗೀಗ ಈ ಗಾಡಿಯ ಹೆರೆತವನ್ನು ಉದಾಹರಿಸುತ್ತೇನೆ. ಕಟಕ-ಕುಂಡಲದ ಉದಾಹರಣೆಗಿಂತ ಹುಡುಗರಿಗೆ ಇದು ಬೇಗ ಹತ್ತುತ್ತದೆ.

ಇಲ್ಲಿ ನಮ್ಮ ಊರಿನ ಒಂದು ಮಾತು. ನನ್ನ ಸೋದರಳಿಯನೊಬ್ಬ ಚಿತ್ರಕಾರ. ಅಜ್ಜನ ಕಾಲದ ಕೊಟ್ಟಿಗೆಯನ್ನು ಚಿತ್ರಶಾಲೆ ಮಾಡಿಕೊಳ್ಳಹೊರಟ. ದನಗಳು ಹೋಗಿ ಹತ್ತು ವರ್ಷವಾಗಿತ್ತು. ಕಿಟಕಿಗೆ ಎಂಥ ಕಂಬಿ ಹಾಕಿಸಲೆಂದು ಬಣ್ಣಬಣ್ಣದ ವಿದೇಶೀ ಪುಸ್ತಕಗಳನ್ನು ಹರಡಿಕೊಂಡು ಕೂತಿದ್ದ. ಅವನ ತಲೆಯ ಮೇಲೆಯೇ, ತೊಲೆಗೆ ಕಟ್ಟಿದ ಹಳೆಯ ಕೂರಿಗೆ ತೂಗುತ್ತಿತ್ತು. “ಮಾವ, ಇದನ್ನು ಗುಜರಿಗೆ ಹಾಕೋಣವೆ?” ಎಂದು ಕೇಳಿದ. ಇಬ್ಬರೂ ಸೇರಿ ಇಳಿಸಿ ಧೂಳು ಒರೆಸಿದೆವು. ಮೇಲೊಂದು ಮರದ ಬಟ್ಟಲು. ಅದರಿಂದ ಬೀಜ ಇಳಿಯಲು ಬಿದಿರ ಕೊಳವೆಗಳು ಬೀಸಣಿಗೆಯಂತೆ ಹರಡಿ ಒಂದೊಂದು ಸಾಲಿಗೆ ಇಳಿಯುತ್ತವೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಗೋಡೆಯ ಮೇಲೆ ಗೀಚತೊಡಗಿದ. ಈಗ ಆ ಕಿಟಕಿಯ ಕಂಬಿ ಒಂದು ಬಿಂದುವಿನಿಂದ ಕೆಳಗೆ ಬಿಚ್ಚಿಕೊಂಡಂತಿದೆ. ಊರಿನ ಕಮ್ಮಾರನಿಗೆ ಅದನ್ನು ವಿವರಿಸಲು ನಕ್ಷೆ ಬೇಕಾಗಲಿಲ್ಲ, “ಕೂರಿಗೆ ತಾನೆ ಸ್ವಾಮಿ?” ಎಂದು ಒಂದೇ ಮಾತಿನಲ್ಲಿ ಹಿಡಿದುಬಿಟ್ಟ. ಗಿಮ್ಸನ್ನನ ಕಥೆಯನ್ನು ನಾನು ಅಳಿಯನಿಗೆ ಹೇಳಿದ್ದು ಇದೆಲ್ಲ ಆದ ಮೇಲೆ.

ಕಮ್ಮಾರನ ಮಾತು ಬಂದದ್ದರಿಂದ ಹೇಳುತ್ತೇನೆ: ಸ್ಯಾಪರ್ಟನ್ನಿನಲ್ಲಿಯೂ ಹೀಗೆಯೇ ಆಯಿತು. ಅಲ್ಲಿನ ಕಮ್ಮಾರನ ಮಗ ಆಲ್‌ಫ್ರೆಡ್ ಬಕ್‌ನೆಲ್ ಗಿಮ್ಸನ್ನನಿಗಾಗಿ ಬಾಗಿಲ ಚಿಲಕ, ದೀಪದ ಕಂಬ, ಒಲೆಯ ಮುಂದಿನ ಕಬ್ಬಿಣದ ಸಾಮಾನುಗಳನ್ನು ಮಾಡಿ ಹೆಸರಾದ. 1902ರಿಂದ ಡೇನ್‌ವೇ ಎಂಬ ಮಧ್ಯಯುಗದ ಮನೆ ಪ್ರದರ್ಶನಶಾಲೆಯಾಯಿತು, ಅದರ ಹೊರಗಟ್ಟಡಗಳು ಕಾರ್ಯಾಗಾರಗಳಾದವು. ಪೀಟರ್ ವಾಲ್ಸ್ ಎಂಬ ಡಚ್ ಬಡಗಿ ಮುಖ್ಯಸ್ಥನಾದ. ಗಿಮ್ಸನ್ ಸ್ವತಃ ಬೀರು ಮಂಚಗಳಿಗೆ ಉಳಿ ಹಿಡಿದವನಲ್ಲ. ಬರೆದು ಕೊಡುತ್ತಿದ್ದ, ಬಡಗಿಗಳು ಮಾಡುತ್ತಿದ್ದರು. ಸಿಡ್ನಿ ಮಾತ್ರ ಆಳಿಲ್ಲದೆ, ತಾನೇ ಗರಗಸ ಎಳೆದು, ತಾನೇ ಹತ್ತರಿ ಹೊಡೆದು ಒಂಟಿಯಾಗಿ ದುಡಿದ. ಇಬ್ಬರಲ್ಲಿ ನನ್ನ ಒಲವು ಸಿಡ್ನಿಯ ಕಡೆಗೆ. ಆದರೆ ಗಿಮ್ಸನ್ನನ ದಾರಿಯಿಂದ ಹತ್ತು ಸಂಸಾರಗಳು ಊಟ ಮಾಡಿದುವೆಂಬುದನ್ನೂ ಮರೆಯಲಾರೆ.

ಸ್ಯಾಪರ್ಟನ್ನಿಗೆ ಉತ್ತರದಲ್ಲಿ, ಅದೇ ಕಾಟ್ಸ್‌ವೋಲ್ಡ್ ಗುಡ್ಡಗಳ ಚಿಪ್ಪಿಂಗ್ ಕ್ಯಾಂಪ್‌ಡೆನ್ ಎಂಬ ಊರಿಗೆ 1902ರಲ್ಲಿ ಇನ್ನೊಂದು ತಂಡ ಬಂದಿಳಿಯಿತು. ಸಿ. ಆರ್. ಆಶ್‌ಬಿ 1888ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ಕಟ್ಟಿದ ಗಿಲ್ಡ್ ಆಫ್ ಹ್ಯಾಂಡಿಕ್ರಾಫ್ಟ್ ಎಂಬ ಕುಶಲಿಗಳ ಸಂಘ ಅದು. ಹೆಂಡಿರು ಮಕ್ಕಳು ಸೇರಿ ಸುಮಾರು 150 ಮಂದಿ. ಪಾಳುಬಿದ್ದ ರೇಷ್ಮೆ ಗಿರಣಿಯೊಂದು ಅವರ ಕಾರ್ಯಾಗಾರವಾಯಿತು. ಈ ಸಂಘದಲ್ಲಿ ಫ್ರೆಡ್ ಪಾರ್ಟ್ರಿಜ್ ಎಂಬ ಆಭರಣದ ಕೆಲಸಗಾರನಿದ್ದ. ಅವನ ಅಕ್ಕ ಎಥೆಲ್ 1902ರಲ್ಲಿ ಮದುವೆಯಾದದ್ದು ಆನಂದ ಕುಮಾರಸ್ವಾಮಿಯವರನ್ನು.

ಕುಮಾರಸ್ವಾಮಿಯವರು ಆಗ ಕಲಾವಿಮರ್ಶಕರಲ್ಲ, ಭೂವಿಜ್ಞಾನಿ. ಸಿಂಹಳದ ಖನಿಜ ಸಮೀಕ್ಷೆಯ ಮುಖ್ಯಾಧಿಕಾರಿ. ಕಲ್ಲು ಹುಡುಕುತ್ತ ದ್ವೀಪವನ್ನೆಲ್ಲ ಸುತ್ತುವಾಗ ಅವರ ಕಣ್ಣಿಗೆ ಬಿದ್ದದ್ದು ಕ್ಯಾಂಡಿ ಸೀಮೆಯ ಕಮ್ಮಾರ, ಅಕ್ಕಸಾಲಿ, ನೇಕಾರ, ಚಿತ್ರಗಾರರು. 1815ರಲ್ಲಿ ಕ್ಯಾಂಡಿಯ ಅರಸೊತ್ತಿಗೆ ಬ್ರಿಟಿಷರ ವಶವಾದ ಮೇಲೆ ಆಶ್ರಯ ತಪ್ಪಿ, ಅಗ್ಗದ ಗಿರಣಿ ಸಾಮಾನಿನ ಎದುರು ಒಬ್ಬೊಬ್ಬರಾಗಿ ಕಸುಬು ಬಿಡುತ್ತಿದ್ದವರು. ದಂಪತಿಗಳು ಅವರ ಕೆಲಸವನ್ನು ಬರೆದಿಟ್ಟುಕೊಂಡರು. ಎಥೆಲ್ ಛಾಯಾಚಿತ್ರ ತೆಗೆದಳು. ಅವರು ಸಿಂಹಳದಲ್ಲಿರುವಾಗಲೇ ಆಶ್‌ಬಿ ಅವರಿಗಾಗಿ ಕ್ಯಾಂಪ್‌ಡೆನ್ನಿನ ಪಕ್ಕದ ಬ್ರಾಡ್ ಕ್ಯಾಂಪ್‌ಡೆನ್ ಎಂಬಲ್ಲಿ ನಾರ್ಮನ್ ಕಾಲದ ಒಂದು ಪಾಳು ಪ್ರಾರ್ಥನಾಮಂದಿರವನ್ನು 1905ರಿಂದ 1907ರವರೆಗೆ ಮನೆಯಾಗಿ ಮಾರ್ಪಡಿಸಿದ. ಮಾರಿಸನ ಸೂತ್ರಕ್ಕೆ ತಪ್ಪದೆ ಹಳೆಯ ಗೋಡೆಗಳನ್ನು ಇದ್ದಂತೆ ಉಳಿಸಿ, ಬೇಕಾದ ಕೋಣೆಗಳನ್ನು ಹೊಸದಾಗಿ ಸೇರಿಸಿದ.

ಆ ಮನೆಗೆ 1907ರಲ್ಲಿ ಬಂದ ಕುಮಾರಸ್ವಾಮಿಯವರು ಆಶ್‌ಬಿಯ ಎಸೆಕ್ಸ್ ಹೌಸ್ ಮುದ್ರಣಾಲಯವನ್ನೂ ತಮ್ಮ ಕೈಗೆ ತೆಗೆದುಕೊಂಡರು. ಮಾರಿಸ್ 1896ರಲ್ಲಿ ಚಾಸರ್ ಕವಿಯ ಕೃತಿಗಳನ್ನು ಅಚ್ಚುಹಾಕಿದ ಕೈಯಂತ್ರ ಅಲ್ಲಿತ್ತು. ಅದೇ ಯಂತ್ರದಲ್ಲಿ 1907ರ ಸೆಪ್ಟೆಂಬರಿನಿಂದ 1908ರ ಡಿಸೆಂಬರಿನವರೆಗೆ, ಹದಿನೈದು ತಿಂಗಳ ಕಾಲ, ಒಂದೊಂದು ಹಾಳೆಯನ್ನೂ ಕೈಯಿಂದ ಒತ್ತಿ, ಅವರ ‘ಮೀಡಿಯೀವಲ್ ಸಿಂಹಲೀಸ್ ಆರ್ಟ್’ ಹೊರಬಂದಿತು. ಪ್ರತಿಗಳು 425. ಹೆಸರೇ ಅಳಿಯುತ್ತಿದ್ದ ಕ್ಯಾಂಡಿಯ ಕಮ್ಮಾರನ ಉಳಿ ಸುತ್ತಿಗೆಗಳ ವರ್ಣನೆ ಇಂಗ್ಲೆಂಡಿನ ಪಾಳುಗುಡಿಯಲ್ಲಿ ಅಚ್ಚಾಯಿತು. ಮರುವರ್ಷ ಬಂದ ‘ದಿ ಇಂಡಿಯನ್ ಕ್ರಾಫ್ಟ್ಸ್‌ಮನ್’ ಎಂಬ ಪುಸ್ತಕಕ್ಕೆ ಮುನ್ನುಡಿ ಬರೆದವನು ಆಶ್‌ಬಿಯೇ. ನಮ್ಮ ಹಳ್ಳಿಯ ಬಡಗಿ ಅಕ್ಕಸಾಲಿಗಳ ಪರವಾಗಿ ಕುಮಾರಸ್ವಾಮಿಯವರು ಮುಂದೆ ಆಡಿದ ಎಷ್ಟೋ ಮಾತುಗಳಿಗೆ ಈ ಕಾಟ್ಸ್‌ವೋಲ್ಡ್ ಗುಡ್ಡಗಳ ಗಾಳಿ ಸೋಕಿದೆ. ಅವರ ಚಿಂತನೆಯ ಮೂಲವನ್ನು ಕೇವಲ ಉಪನಿಷತ್ತುಗಳಲ್ಲಿ ಹುಡುಕುವ ನಮ್ಮ ವಿದ್ವಾಂಸರು ಈ ಭಾಗವನ್ನು ದಾಟಿಸಿಬಿಡುತ್ತಾರೆ, ಇದು ನ್ಯಾಯವಲ್ಲ.

ಕೊನೆಗೆ ಇವರೆಲ್ಲರ ಗತಿ ಏನಾಯಿತೆಂದು ಕೇಳುವುದು ಸಹಜ. ಆಶ್‌ಬಿಯ ಸಂಘ ಹಳ್ಳಿಗೆ ಬಂದ ಆರು ವರ್ಷದೊಳಗೆ ಸಾಲಕ್ಕೆ ಸಿಕ್ಕಿ ಮುಳುಗಿತು. ಕೈಕೆಲಸದ ಒಂದು ಬೆಳ್ಳಿಯ ಬಟ್ಟಲು ಮಾಡುವ ಹೊತ್ತಿಗೆ ಲಂಡನ್ನಿನ ಅಂಗಡಿ ಅದೇ ಅಂದದ ಯಂತ್ರದ ಬಟ್ಟಲುಗಳನ್ನು ಅರ್ಧ ಬೆಲೆಗೆ ಮಾರುತ್ತಿತ್ತು. ಕುಮಾರಸ್ವಾಮಿ ದಂಪತಿಗಳ ಸಂಸಾರ ಆ ಮನೆಯಲ್ಲಿಯೇ ಒಡೆಯಿತು. ಅವರು 1917ರಲ್ಲಿ ಬಾಸ್ಟನ್ ವಸ್ತುಸಂಗ್ರಹಾಲಯಕ್ಕೆ ಹೋದರು, 1947ರಲ್ಲಿ ಅಲ್ಲಿಯ ಸೇವೆಯಲ್ಲಿರುವಾಗಲೇ ತೀರಿಕೊಂಡರು. ಎಥೆಲ್ ಮಗ್ಗಕ್ಕೆ ಕೂತಳು. ಎರಡನೆಯ ಮದುವೆಯ ನಂತರದ ಎಥೆಲ್ ಮೈರೆ ಎಂಬ ಹೆಸರಿನಲ್ಲಿ 1916ರಲ್ಲಿ ಗಿಡಮೂಲದ ಬಣ್ಣಗಳನ್ನು ಕುರಿತು ಪುಸ್ತಕ ಬರೆದು, ಇಂಗ್ಲೆಂಡಿನ ಕೈನೇಯ್ಗೆಗೆ ತಾಯಿಯಂತಾದಳು. ಗಿಮ್ಸನ್ನನ ಬೀರುಗಳನ್ನು ಕೊಂಡವರು ಶ್ರೀಮಂತರು. ಹುಲ್ಲುಕುಂಟೆಯ ಮೇಜಿನ ಮೇಲೆ ಹುಲ್ಲುಕುಂಟೆ ಎಳೆದವನು ಉಣ್ಣಲಿಲ್ಲ. ಮಾರಿಸ್ ತನ್ನ ಜೀವಮಾನವೆಲ್ಲ ಕೊರಗಿದ್ದೂ ಇದಕ್ಕೇ. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ಗೆಳೆಯರು ಗಿಮ್ಸನ್ನನನ್ನು ಯಂತ್ರೋತ್ಪಾದನೆಗೆ ಮಾದರಿಗಳನ್ನು ಬರೆದುಕೊಡೆಂದು ಕೇಳಿದರು. ಬರೆದಿದ್ದರೆ ಬಡವರ ಮನೆಗೂ ಒಂದು ಒಳ್ಳೆಯ ಕುರ್ಚಿ ಹೋಗುತ್ತಿತ್ತೇನೋ. ಯಂತ್ರದ ಹಣದಿಂದ ಬೆಳೆದ ಈ ಮನುಷ್ಯ ಒಪ್ಪಲಿಲ್ಲ. ಅವನ ನಿಷ್ಠೆಯನ್ನು ಮೆಚ್ಚುತ್ತೇನೆ. ಅವನು ಹೇಳಿದ ‘ಇಲ್ಲ’ವನ್ನು ಮೆಚ್ಚಲಾರೆ.

ಗಿಮ್ಸನ್ 1919ರಲ್ಲಿ, 54ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದಕ್ಕೆ ಮುನ್ನ ಹ್ಯಾಂಪ್‌ಷೈರಿನ ಬೀಡೇಲ್ಸ್ ಶಾಲೆಗೆ ಒಂದು ಗ್ರಂಥಾಲಯದ ನಕ್ಷೆ ಬರೆದುಕೊಟ್ಟಿದ್ದ. ಯುದ್ಧದಲ್ಲಿ ಮಡಿದ ಆ ಶಾಲೆಯ ಹುಡುಗರ ನೆನಪಿಗಾಗಿ. ಜೆಫ್ರಿ ಲಪ್ಟನ್ ಎಂಬ ಹಳೆಯ ವಿದ್ಯಾರ್ಥಿ ಕಟ್ಟಿದ, ಸಿಡ್ನಿ ಬಾರ್ನ್ಸ್‌ಲಿ ಮೇಲ್ವಿಚಾರಣೆ ನೋಡಿಕೊಂಡ. 1921ರಲ್ಲಿ ಮುಗಿಯಿತು. ಒಳಗೆ ಎರಡು ಸಾಲು ಓಕ್ ಕಂಬ, ಮೇಲೆ ಬಾಗಿದ ತೊಲೆಗಳು, ಇಕ್ಕೆಲಗಳಲ್ಲಿ ಹಿಂದೆ ತೆನೆಯ ಮೆದೆ ಇರುತ್ತಿದ್ದ ಅಂಕಣಗಳು. ಅವುಗಳಲ್ಲಿ ಈಗ ಪುಸ್ತಕಗಳು. ಒಂದೊಂದು ಅಂಕಣದಲ್ಲೂ ಒಂದು ಉದ್ದನೆಯ ಮೇಜು ಹಾಕಿದೆ. ಮಕ್ಕಳು ಕೂತು ಓದುತ್ತಾರೆ.